ಲಿನಕ್ಸ್‌ನಲ್ಲಿ ಸರಿ ಇರುವ ಫೈಲ್ ಹೆಸರು ವಿಂಡೋಸ್‌ನಲ್ಲಿ ಕೈಕೊಡುತ್ತಿದೆ, 7 ಪುಟ ನಾಪತ್ತೆ

ಅರ್ಧವಿರಾಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ರೂಬಿಯಲ್ಲಿ ಒಂದು ಚಿಕ್ಕ ಟೂಲ್ ಬರೆದಿದ್ದೇನೆ. ಅದು ನಮ್ಮ ಟೀಮಿನ ಕೋಡ್ ಓದಿ ಪ್ರತಿ ಕ್ಲಾಸಿಗೆ, ಪ್ರತಿ ಮೆಥಡ್‌ಗೆ ಒಂದೊಂದು ಎಚ್‌ಟಿಎಂಎಲ್ ಪುಟ ಮಾಡುತ್ತದೆ. ಹೊಸದಾಗಿ ಸೇರಿದವರಿಗೆ ಅಂತ ಕನ್ನಡದಲ್ಲಿ ಬರೆದ ಪಾಠಗಳೂ ಅದರಲ್ಲಿವೆ. ಪಾಠದ ತಲೆಬರಹವೇ ಫೈಲ್ ಹೆಸರು. ಎಲ್ಲ ಪುಟಗಳೂ ಒಂದೇ ಫೋಲ್ಡರಿಗೆ ಹೋಗುತ್ತವೆ. ಎರಡು ವರ್ಷದಿಂದ ಲಿನಕ್ಸ್‌ನಲ್ಲಿ ಒಂದು ದಿನವೂ ತಕರಾರು ಮಾಡಿಲ್ಲ. ಭಾಗಾಕಾರದ ಮೆಥಡ್‌ನ ಹೆಸರು ಬರೀ / ಆದ್ದರಿಂದ ಅದೊಂದಕ್ಕೆ ಮಾತ್ರ ‘ಸ್ಲ್ಯಾಶ್’ ಅಂತ ಕೈಯಾರೆ ಬರೆದಿದ್ದೆ. ಉಳಿದಿದ್ದಕ್ಕೆಲ್ಲ ಇದ್ದ ಹೆಸರೇ ಫೈಲಿನ ಹೆಸರು.

ಹೋದ ವಾರ ಸಹೋದ್ಯೋಗಿಯೊಬ್ಬರು ಅದನ್ನು ವಿಂಡೋಸ್ 10ರಲ್ಲಿ ಓಡಿಸಿದರು. ಸ್ಟೋರ್::ಐಟಂ ಪುಟ ಬರೆಯುವಾಗಲೇ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಅಂತ ನಿಂತಿತು. ಜೋಡಿ ಕೋಲನ್ ಇದ್ದ ಕಡೆ ಅಂಡರ್‌ಸ್ಕೋರ್ ಹಾಕಿದೆ. ಆಮೇಲೆ ಎಂಪ್ಟಿ? ಮೆಥಡ್ ಹತ್ತಿರ ನಿಂತಿತು. ಪ್ರಶ್ನೆ ಚಿಹ್ನೆ, ನಕ್ಷತ್ರ, ಪೈಪ್, < > ಎಲ್ಲಕ್ಕೂ ಅಂಡರ್‌ಸ್ಕೋರ್ ಬಳಿದೆ. ಈಗ ಟೂಲ್ ಕೊನೆಯವರೆಗೂ ಓಡುತ್ತದೆ. ಎರರ್ ಒಂದೂ ಇಲ್ಲ. ಆದರೆ ಲಿನಕ್ಸ್‌ನಲ್ಲಿ 412 ಪುಟ ಬಂದರೆ ಅಲ್ಲಿ ಬರುವುದು 405.

‘ಪಾಠ 3: ಲೂಪ್’ ಪುಟ ಇಲ್ಲ. ಅದರ ಜಾಗದಲ್ಲಿ ಬರೀ ‘ಪಾಠ 3’ ಅನ್ನುವ ಸೊನ್ನೆ ಬೈಟಿನ ಫೈಲ್ ಇದೆ, ಎಕ್ಸ್‌ಟೆನ್ಶನ್ ಕೂಡ ಇಲ್ಲ. ದೊಡ್ಡಕ್ಷರದಲ್ಲಿ ಶುರುವಾಗುವ ಪಾರ್ಸರ್ ಕ್ಲಾಸಿನ ಪುಟ ತೆರೆದರೆ ಸಣ್ಣಕ್ಷರದ ಪಾರ್ಸರ್ ಮೆಥಡ್‌ನ ವಿವರ ಕಾಣುತ್ತದೆ. ಎಲ್ಲಕ್ಕಿಂತ ವಿಚಿತ್ರ ಅಂದರೆ ‘ಕಾನ್’ ಮೆಥಡ್. ಕನೆಕ್ಷನ್ ಅನ್ನುವುದನ್ನು ಯಾರೋ ಇಂಗ್ಲಿಷಿನ ಮೂರೇ ಅಕ್ಷರಕ್ಕೆ ಇಳಿಸಿದ್ದಾರೆ. ಅದರ ಸರದಿ ಬಂದಾಗ ಇಡೀ ಎಚ್‌ಟಿಎಂಎಲ್ ಕಪ್ಪು ಪರದೆ ಮೇಲೆ ಸುರಿಯುತ್ತದೆ. ಫೋಲ್ಡರಿನಲ್ಲಿ ಫೈಲ್ ಮಾತ್ರ ಇಲ್ಲ. ಸಹೋದ್ಯೋಗಿ ‘ನಿಮ್ಮ ಟೂಲಿಗೆ ಗಾಳಿ ಹಿಡಿದಿದೆ’ ಅಂತ ನಗುತ್ತಿದ್ದಾರೆ.

ಇವೆಲ್ಲ ಬೇರೆ ಬೇರೆ ಸಮಸ್ಯೆಗಳೋ ಒಂದೇಯೋ? ಒಂದೊಂದಕ್ಕೂ ತೇಪೆ ಹಾಕುತ್ತಾ ಹೋಗಬೇಕಾ?

---

ಸುಡೋಸ್ವಾಮಿ

ಸುಮ್ನೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಹಾಕಿಕೊಳ್ಳೋಕೆ ಹೇಳಿ. ಅದರೊಳಗಿನ ಲಿನಕ್ಸ್ ಫೋಲ್ಡರಿನಲ್ಲಿ ಓಡಿಸಿದರೆ ಇದ್ಯಾವುದೂ ಬರಲ್ಲ. ಐದು ನಿಮಿಷದ ಕೆಲಸ.

---

ಅರ್ಧವಿರಾಮ

ಅದು ನನಗೂ ಹೊಳೆದಿತ್ತು. ಆದರೆ ಪುಟಗಳನ್ನು ಜಿಪ್ ಮಾಡಿ ಎಲ್ಲರಿಗೂ ಕೊಡುತ್ತೇವೆ. ಅವರು ವಿಂಡೋಸ್‌ನಲ್ಲೇ ಬಿಚ್ಚುತ್ತಾರೆ. ಇವತ್ತಿನ ಗೋಳು ಅಲ್ಲಿಗೆ ಹೋಗುತ್ತದೆ, ಅಷ್ಟೇ.

---

ಹಳೇ_ಟರ್ಮಿನಲ್

ಟೂಲ್‌ಗಳನ್ನು ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸದಲ್ಲೇ ನನ್ನ ಕೂದಲು ಬೆಳ್ಳಗಾಗಿದ್ದು. ಹಾಗಾಗಿ ಈ ಉತ್ತರವೂ ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಟೂಲಿಗೆ ಗಾಳಿ ಹಿಡಿದಿಲ್ಲ ಅಂತ ಸಹೋದ್ಯೋಗಿಗೆ ಹೇಳಿ. ಹಿಡಿದಿದ್ದರೆ ಅದು 1981ರ ಗಾಳಿ. ಆ ವರ್ಷ ಬಂದ, ವಿಂಡೋಸ್‌ಗೂ ಹಿಂದಿನ ಮೊದಲ ಡಾಸ್‌ನಲ್ಲಿ ಫೋಲ್ಡರ್ ಅನ್ನುವುದೇ ಇರಲಿಲ್ಲ. ಕೀಬೋರ್ಡು ಮತ್ತು ಪರದೆಗೆ ಸೇರಿ ‘ಕಾನ್’, ಪ್ರಿಂಟರಿಗೆ ‘ಪಿಆರ್‌ಎನ್’, ಸೀರಿಯಲ್ ತಂತಿಗೆ ‘ಆಕ್ಸ್’, ಏನು ಹಾಕಿದರೂ ನುಂಗುವ ‘ನಲ್’. ಇವೆಲ್ಲ ಫೈಲುಗಳ ಹಾಗೇ ಹೆಸರಿನಿಂದ ಸಿಗುತ್ತಿದ್ದವು. ಈ ಅಭ್ಯಾಸ ಅದಕ್ಕೂ ಹಿಂದಿನ ಸಿಪಿ/ಎಂ ಅನ್ನುವ ಆಪರೇಟಿಂಗ್ ಸಿಸ್ಟಮ್ ಕಾಲದ್ದು. 1983ರ ಡಾಸ್ 2ರಲ್ಲಿ ಫೋಲ್ಡರ್ ಬಂತು. ಆದರೆ ಹಳೇ ಪ್ರೋಗ್ರಾಂ ಕೆಡಬಾರದು ಅಂತ ಆ ಹೆಸರುಗಳನ್ನು ಯಾವ ಫೋಲ್ಡರಿನಲ್ಲಿ ಕರೆದರೂ ಓಗೊಡುವ ಹಾಗೆ ಬಿಟ್ಟರು. ಮುಂದೆ ಚುಕ್ಕಿ ಹಾಕಿ ಎಕ್ಸ್‌ಟೆನ್ಶನ್ ಕೊಟ್ಟರೂ ಅಷ್ಟೇ. ನೀವು ಕಾನ್.ಎಚ್‌ಟಿಎಂಎಲ್ ಫೈಲಿಗೆ ಬರೆಯಿರಿ ಅಂದಿರಿ, ವಿಂಡೋಸ್ ಪರದೆಗೆ ಬರೆಯಿತು. ನಿಮ್ಮ ಅದೃಷ್ಟ, ಮೆಥಡ್ ಹೆಸರು ‘ನಲ್’ ಆಗಿರಲಿಲ್ಲ. ಆಗಿದ್ದರೆ ಪರದೆ ಮೇಲೂ ಕಾಣುತ್ತಿರಲಿಲ್ಲ. ಈ ನಾಲ್ಕರ ಜೊತೆ ಕಾಮ್ 1ರಿಂದ 9, ಎಲ್‌ಪಿಟಿ 1ರಿಂದ 9 ಕೂಡ ಮೀಸಲು. ಮೇಲೇರಿಸಿ ಬರೆಯುವ ಪುಟ್ಟ ¹ ² ³ ಇವೆಯಲ್ಲ, ಕಾಮ್ ಪಕ್ಕ ಅವನ್ನು ಹಾಕಿದರೂ ಮೀಸಲು. ಅದನ್ನು ಮೊದಲ ಸಲ ಓದಿದಾಗ ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಇದರಲ್ಲಿ ಎಡವಿದವರು ನೀವೊಬ್ಬರೇ ಅಲ್ಲ. ಒಮ್ಮೆ ರಸ್ಟ್ ಭಾಷೆಯ ಪ್ಯಾಕೇಜ್ ಸಂಗ್ರಹಕ್ಕೆ ಯಾರೋ ‘ನಲ್’ ಹೆಸರಿನ ಪ್ಯಾಕೇಜ್ ಸೇರಿಸಿದರು. ಆ ಸಂಗ್ರಹದ ಸೂಚಿ ಇದ್ದದ್ದು ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್‌ನಲ್ಲಿ, ಪ್ಯಾಕೇಜಿಗೊಂದು ಫೈಲ್. ವಿಂಡೋಸ್‌ನಲ್ಲಿ ಕಾರ್ಗೋ (ರಸ್ಟ್ ಪ್ಯಾಕೇಜ್ ಇಳಿಸುವ ಟೂಲ್) ಓಡಿಸುತ್ತಿದ್ದವರೆಲ್ಲ ಕೈಕಟ್ಟಿ ಕೂರಬೇಕಾಯಿತು.

ಈಗ ನಿಮ್ಮ ‘ಪಾಠ 3’. ಆ ಪಾಠ ಕಳೆದುಹೋಗಿಲ್ಲ. ಎನ್‌ಟಿಎಫ್‌ಎಸ್‌ನಲ್ಲಿ (ವಿಂಡೋಸ್ ಡಿಸ್ಕಿನಲ್ಲಿ ಫೈಲ್ ಇಡುವ ವ್ಯವಸ್ಥೆ) ಒಂದು ಫೈಲಿಗೆ ಅಂಟಿಕೊಂಡ ಹಾಗೆ ಇನ್ನಷ್ಟು ಗುಪ್ತ ಫೈಲುಗಳು ಇರಬಹುದು. ಸ್ಟ್ರೀಮ್ ಅನ್ನುತ್ತಾರೆ. ಫೈಲ್ ಹೆಸರಿನ ನಂತರ ಕೋಲನ್, ಆಮೇಲೆ ಸ್ಟ್ರೀಮಿನ ಹೆಸರು. ನಿಮ್ಮ ಪಾಠ ‘ಪಾಠ 3’ ಅನ್ನುವ ಖಾಲಿ ಫೈಲಿನ ಬೆನ್ನಿಗೆ ಸ್ಟ್ರೀಮ್ ಆಗಿ ಕೂತಿದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಐಆರ್ ಜೊತೆ /ಆರ್ ಕೊಟ್ಟು ನೋಡಿ, ಸಿಗುತ್ತದೆ. ನೆಟ್‌ನಿಂದ ಇಳಿಸಿದ ಫೈಲ್ ತೆರೆಯುವಾಗ ವಿಂಡೋಸ್ ಎಚ್ಚರಿಕೆ ಕೊಡುತ್ತದಲ್ಲ, ಆ ಗುರುತನ್ನು ಇಡುವುದೂ ಹೀಗೇ ಒಂದು ಸ್ಟ್ರೀಮಿನಲ್ಲಿ. ಜೋಡಿ ಕೋಲನ್‌ಗೆ ಎರರ್ ಬಂದಿದ್ದಕ್ಕೆ ಕಾರಣ, ಎರಡನೇ ಕೋಲನ್ ಆದಮೇಲೆ ಅದು ಸ್ಟ್ರೀಮಿನ ಬಗೆ ಯಾವುದು ಅಂತ ಹುಡುಕುತ್ತದೆ. ‘ಐಟಂ’ ಅನ್ನುವ ಬಗೆ ಇಲ್ಲ. ಎರರ್ ಬಂದಿದ್ದೇ ಒಳ್ಳೆಯದಾಯಿತು ಅನ್ನಿ. ಒಂಟಿ ಕೋಲನ್ ಸದ್ದಿಲ್ಲದೆ ನುಂಗಿತು.

ಪಾರ್ಸರ್ ಕಥೆ ನಿಮಗೇ ಗೊತ್ತಿರುತ್ತದೆ. ವಿಂಡೋಸ್ ನೀವು ಕೊಟ್ಟ ದೊಡ್ಡಕ್ಷರ ಸಣ್ಣಕ್ಷರವನ್ನು ಹಾಗೇ ಉಳಿಸುತ್ತದೆ, ಆದರೆ ಹುಡುಕುವಾಗ ಭೇದ ಮಾಡಲ್ಲ. ಎರಡನೆಯದು ಮೊದಲನೆಯದರ ಮೇಲೆ ಕೂತಿತು. ಮ್ಯಾಕ್ ಕೂಡ ಡೀಫಾಲ್ಟ್ ಆಗಿ ಹೀಗೇ. ಲಿನಕ್ಸ್ ಕರ್ನಲ್‌ನ ಸೋರ್ಸ್‌ನಲ್ಲೇ ದೊಡ್ಡಕ್ಷರ ಸಣ್ಣಕ್ಷರದಲ್ಲಷ್ಟೇ ಬೇರೆಯಾದ ಫೈಲ್ ಜೋಡಿಗಳಿವೆ, ಆಕ್ಸ್ ಹೆಸರಿನ ಸಿ ಫೈಲೂ ಇದೆ. ವಿಂಡೋಸ್‌ನಲ್ಲಿ ಅದನ್ನು ಗಿಟ್‌ನಿಂದ ತೆಗೆಯಲು ಹೋದವರಿಗೆ ಗೊತ್ತು.

ಉಳಿದ ಪುಟಗಳನ್ನು ಕಳೆದದ್ದು ವಿಂಡೋಸ್ ಅಲ್ಲ, ನಿಮ್ಮ ಅಂಡರ್‌ಸ್ಕೋರ್. ಉದಾಹರಣೆಗೆ ಗುಣಾಕಾರದ * ಮತ್ತು | ಎರಡೂ ಈಗ ಒಂದೇ ಹೆಸರು. < ಮತ್ತು > ಕೂಡ ಅದೇ ಹೆಸರು. ನಾಲ್ಕು ಮೆಥಡ್, ಒಂದು ಪುಟ.

ಆದ್ದರಿಂದ ತೇಪೆ ಬೇಡ. ಒಂದು ಹೆಸರಿಗೆ ಒಂದೇ ಫೈಲ್, ಫೈಲ್ ಹೆಸರು ನೋಡಿದರೆ ಮೂಲ ಹೆಸರು ಹಿಂದಕ್ಕೆ ಸಿಗಬೇಕು. ಆ ಕೆಲಸ ಮಾಡುವ ಒಂದೇ ಒಂದು ಫಂಕ್ಷನ್ ಇರಲಿ. ಪುಟ ಬರೆಯುವ ಕೋಡೂ ಅದನ್ನೇ ಕರೆಯಲಿ, ಲಿಂಕ್ ಮಾಡುವ ಕೋಡೂ ಅದನ್ನೇ ಕರೆಯಲಿ. ರೂಬಿಯ ಸಹಾಯ ಪುಟ ತೋರಿಸುವ ‘ರೀ’ ಟೂಲಿನ ದಾಖಲೆಗಳ ಫೋಲ್ಡರ್ ತೆರೆದು ನೋಡಿ. ಎಂಪ್ಟಿ? ಅನ್ನುವಲ್ಲಿ ಪ್ರಶ್ನೆ ಚಿಹ್ನೆ ಇಲ್ಲ, ಪರ್ಸೆಂಟ್ ಚಿಹ್ನೆ ಮತ್ತು ಅದರ ಕೋಡ್ ಇದೆ. ಆದರೆ ನಿಮ್ಮದು ವೆಬ್ ಪುಟ. ಲಿಂಕಿನೊಳಗೆ ಪರ್ಸೆಂಟ್‌ಗೆ ಬೇರೆ ಅರ್ಥ ಇದೆ, ಅದನ್ನು ಮತ್ತೆ ಎಸ್ಕೇಪ್ ಮಾಡಬೇಕು, ತಲೆನೋವು ಜಾಸ್ತಿ. ನಾನಾದರೆ = ಹಾಕಿ ಆ ಚಿಹ್ನೆಯ ಆಸ್ಕಿ ಸಂಖ್ಯೆಯನ್ನು (ಕಂಪ್ಯೂಟರಿನಲ್ಲಿ ಅದಕ್ಕಿರುವ ನಂಬರ್) ಮೂರು ಅಂಕಿಯಲ್ಲಿ ಬರೆಯುತ್ತೇನೆ. ಕೋಲನ್ =058, ಪ್ರಶ್ನೆ ಚಿಹ್ನೆ =063, ನಕ್ಷತ್ರ =042. ನಿಮ್ಮ ಸ್ಲ್ಯಾಶ್ ಕೂಡ ಇದೇ ಸಾಲಿಗೆ ಬಂದು =047 ಆಗಲಿ. ಲಿನಕ್ಸ್‌ನಲ್ಲೂ ನಿಮಗೆ ಇದೇ ಕಾಯಿಲೆ ಇತ್ತು. ಒಂದೇ ಚಿಹ್ನೆಗೆ ಇದ್ದಿದ್ದರಿಂದ ಗೊತ್ತಾಗಲಿಲ್ಲ.

ದೊಡ್ಡಕ್ಷರಕ್ಕೆ ಗೋ ಭಾಷೆಯವರ ಉಪಾಯ ಚೆನ್ನಾಗಿದೆ. ಅವರ ಮಾಡ್ಯೂಲ್ ಕ್ಯಾಶ್‌ನಲ್ಲಿ ದೊಡ್ಡಕ್ಷರದ ಬದಲು ! ಹಾಕಿ ಅದೇ ಅಕ್ಷರವನ್ನು ಸಣ್ಣದಾಗಿ ಬರೆಯುತ್ತಾರೆ. ಮೀಸಲು ಹೆಸರು ಬಂದರೆ ಮೊದಲ ಅಕ್ಷರವನ್ನು ಕೋಡ್ ಮಾಡಿಬಿಡಿ. ಕಾನ್‌ನ ಮೊದಲ ಅಕ್ಷರ =099 ಆದಮೇಲೆ ಅದು ಯಾರ ಪರದೆಗೂ ಹೋಗಲ್ಲ. ಹೆಸರಿನ ಕೊನೆಯಲ್ಲಿ ಚುಕ್ಕಿ ಅಥವಾ ಖಾಲಿ ಜಾಗ ಇದ್ದರೆ ವಿಂಡೋಸ್ ಹೇಳದೆ ಕೇಳದೆ ಕತ್ತರಿಸುತ್ತದೆ. ಅದನ್ನೂ ಕೋಡ್ ಮಾಡಿ.

ಇನ್ನೊಂದು. ‘ವಿಂಡೋಸ್ ಆದರೆ ಹೀಗೆ ಮಾಡು’ ಅಂತ ಇಫ್ ಹಾಕಬೇಡಿ. ಲಿನಕ್ಸ್‌ನಲ್ಲೂ ಇದೇ ಹೆಸರು ಬರಲಿ. ಇಲ್ಲದಿದ್ದರೆ ನಿಮ್ಮ ಜಿಪ್ ಎರಡು ಥರ ಆಗುತ್ತದೆ, ನೀವು ಕೂತಿರುವ ಲಿನಕ್ಸ್‌ನಲ್ಲಿ ದೋಷ ಎಂದೂ ಕಣ್ಣಿಗೆ ಬೀಳಲ್ಲ.

---

ಅರ್ಧವಿರಾಮ

ಸರ್, ಡಿಐಆರ್ /ಆರ್ ಕೊಟ್ಟೆವು. ಪಾಠ ಸಿಕ್ಕಿತು! ಇಡೀ ಪುಟ ಅಲ್ಲೇ ಕೂತಿದೆ.

ನಿಮ್ಮ ವಿಧಾನ ಬರೆದೆ. ಒಂದು ಕಡೆ ಸಿಕ್ಕಿಬಿದ್ದೆ. ರೂಬಿಯಲ್ಲಿ ಸೇವ್! ಅಂತ ಆಶ್ಚರ್ಯಸೂಚಕದಲ್ಲಿ ಮುಗಿಯುವ ಮೆಥಡ್‌ಗಳು ಬೇಕಾದಷ್ಟು. ನೇಮ್= ಅಂತ ಸಮ ಚಿಹ್ನೆಯಲ್ಲಿ ಮುಗಿಯುವವೂ ಇವೆ. ನಾವು ಆರಿಸಿಕೊಂಡ ಎರಡು ಗುರುತುಗಳೂ ಮೊದಲೇ ಹೆಸರಿನೊಳಗೆ ಇವೆ. ಅವನ್ನೂ =033, =061 ಮಾಡಿದೆ. ಆದರೆ ಬದಲಾವಣೆಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಇಟ್ಟಿದ್ದೆ, = ಸರದಿ ಕೊನೆಯಲ್ಲಿತ್ತು. ಮೊದಲು ಕೋಲನ್ =058 ಆಯಿತು, ಆಮೇಲೆ ಅದರ = ಮತ್ತೆ =061 ಆಗಿ =061058 ಅಂತ ಬಂತು. ಅರ್ಧ ಗಂಟೆ ತಲೆ ಕೆರೆದುಕೊಂಡೆ.

---

ಹಳೇ_ಟರ್ಮಿನಲ್

ಒಳ್ಳೇ ಕಡೆ ಹಿಡಿದಿರಿ. ರೂಬಿ ಅಂತ ಓದಿಯೂ ನನಗೆ ಅದು ಹೊಳೆಯಲಿಲ್ಲ. ಸಾಲು ಬದಲಾವಣೆ ಬಿಡಿ. ಹೆಸರನ್ನು ಎಡದಿಂದ ಬಲಕ್ಕೆ ಒಂದೇ ಸಲ ನಡೆಯಿರಿ, ಒಂದೊಂದು ಅಕ್ಷರಕ್ಕೆ ಒಂದೇ ಸಲ ತೀರ್ಮಾನ. ಬರೆದಿದ್ದನ್ನು ಮತ್ತೆ ಮುಟ್ಟುವ ಮಾತೇ ಇಲ್ಲ.

ಒಂದು ಟೆಸ್ಟ್ ಕೂಡ ಸೇರಿಸಿ. ಪುಟ ಬರೆಯುವ ಮುಂಚೆ ಎಲ್ಲ ಫೈಲ್ ಹೆಸರುಗಳನ್ನು ಸಣ್ಣಕ್ಷರಕ್ಕೆ ಇಳಿಸಿ ಒಂದು ಹ್ಯಾಶ್‌ನಲ್ಲಿ (ರೂಬಿಯಲ್ಲಿ ಹೆಸರಿನಿಂದ ಹುಡುಕುವ ಪಟ್ಟಿ) ಹಾಕಿ. ಒಂದೇ ಹೆಸರು ಎರಡು ಸಲ ಬಂದರೆ ಟೂಲ್ ಕಿರುಚಿ ನಿಲ್ಲಲಿ. 405 ಪುಟ ಬರೆದು ಸುಮ್ಮನಿರುವುದಕ್ಕಿಂತ ಅದು ವಾಸಿ.

---

ಸೇಬುಪ್ರಿಯ

ಕನ್ನಡದ ತಲೆಬರಹ ಇದೆ ಅಂದಿರಿ, ಅದಕ್ಕೇ ಮೂಗು ತೂರಿಸುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಹಳೇ ಮ್ಯಾಕ್ ಇಟ್ಟುಕೊಂಡಿದ್ದರೆ ಇನ್ನೊಂದು ಕಾದಿದೆ.

‘ಕೋಡ್’ ಅಂತ ಬರೆಯಿರಿ. ಸಾಮಾನ್ಯವಾಗಿ ಇದು ಯೂನಿಕೋಡಿನಲ್ಲಿ ನಾಲ್ಕು ಸಂಕೇತ: ಕ, ಓಕಾರದ ಚಿಹ್ನೆ, ಡ, ಹಲಂತ. ಆದರೆ ಆ ಓಕಾರವನ್ನು ಬಿಡಿಸಿಯೂ ಬರೆಯಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಗುರುತು, ಹೀಗೆ ಮೂರು ತುಂಡು. ಆಗ ಅದೇ ‘ಕೋಡ್’ ಆರು ಸಂಕೇತ ಆಗುತ್ತದೆ. ಪರದೆ ಮೇಲೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಈಕಾರ, ಏಕಾರ, ಐಕಾರ, ಒಕಾರಗಳೂ ಹೀಗೇ ಬಿಚ್ಚಿಕೊಳ್ಳುತ್ತವೆ. ಮ್ಯಾಕ್‌ನ ಹಳೇ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಅದರ ಬದಲು 2017ರಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟ ಹಾಗೆ ಇಡುತ್ತದೆ, ಹುಡುಕುವಾಗ ಎರಡನ್ನೂ ಒಂದೇ ಅನ್ನುತ್ತದೆ. ಲಿನಕ್ಸ್‌ಗೆ ಇವು ಬರೀ ಬೈಟುಗಳು. ಅದಕ್ಕೆ ಎರಡು ಬೇರೆ ಬೇರೆ ಫೈಲ್.

ನನ್ನ ಹಳೇ ಮ್ಯಾಕ್‌ನಲ್ಲಿ ಕಟ್ಟಿದ ಜಿಪ್ ಅನ್ನು ಲಿನಕ್ಸ್ ಸರ್ವರಿನಲ್ಲಿ ಬಿಚ್ಚಿದಾಗ ಓಕಾರ ಇದ್ದ ಪುಟಗಳೆಲ್ಲ 404, ಅಂದರೆ ‘ಪುಟ ಸಿಗಲಿಲ್ಲ’ ಅನ್ನುವ ಎರರ್. ಉಳಿದವು ಸರಿ ಇದ್ದವು. ಓಕಾರಕ್ಕೂ 404ಗೂ ಏನು ನಂಟು ಅಂತ ಒಂದು ಇಡೀ ಸಂಜೆ ಕೂತಿದ್ದೆ. ಹೆಸರು ಕೋಡ್ ಮಾಡುವ ಮೊದಲು ಬಿಡಿ ತುಂಡುಗಳನ್ನು ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತನ್ನಿ. ರೂಬಿಯ ಸ್ಟ್ರಿಂಗ್‌ನಲ್ಲೇ ಅದಕ್ಕೆ ಮೆಥಡ್ ಇದೆ. ಜಿಪ್ ಕಟ್ಟುವಾಗಲೂ ಹೆಸರನ್ನು ಡಿಸ್ಕಿನಿಂದ ಓದಬೇಡಿ, ಟೂಲಿನ ಪಟ್ಟಿಯಿಂದ ಕೊಡಿ.

ಪದ ಒಡೆದು ತೋರಿಸಲು ಹಾಕುವ ಕಣ್ಣಿಗೆ ಕಾಣದ ಜೋಡಣೆ-ತಡೆ ಚಿಹ್ನೆ ಇದೆಯಲ್ಲ, ಜೆಡ್‌ಡಬ್ಲ್ಯೂಎನ್‌ಜೆ. ಎನ್‌ಎಫ್‌ಸಿ ಅದನ್ನು ತೆಗೆಯಲ್ಲ. ‘ಕೋಡ್’ ಪದದ ಕೊನೆಯಲ್ಲಿ ಯಾರಾದರೂ ಅದನ್ನು ಬಿಟ್ಟಿದ್ದರೆ ಅದು ಇನ್ನೊಂದು ಫೈಲ್. ಹೆಸರಿನ ಕೊನೆಯಲ್ಲಿ ಇದ್ದರೆ ಕಿತ್ತುಹಾಕಿ. ನಡುವೆ ಇದ್ದರೆ ಬಿಡಿ, ಅಲ್ಲಿ ಅದಕ್ಕೆ ಕೆಲಸ ಇರುತ್ತದೆ.

---

ಹಳೇ_ಟರ್ಮಿನಲ್

ಸೇಬುಪ್ರಿಯ ಹೇಳಿದ್ದು ಬರೀ ಕಿರಿಕಿರಿ ಅಲ್ಲ, ಸೆಕ್ಯುರಿಟಿ ವಿಷಯ ಕೂಡ. 2014ರ ಡಿಸೆಂಬರಿನಲ್ಲಿ ಗಿಟ್‌ನಲ್ಲಿ ಒಂದು ದೊಡ್ಡ ತೂತು ಮುಚ್ಚಿದರು. ಗಿಟ್ ತನ್ನ ಒಳ ಫೋಲ್ಡರಿನ ಹೆಸರನ್ನು ಯಾರೂ ರೆಪಾಸಿಟರಿಯಲ್ಲಿ ಇಡದ ಹಾಗೆ ಕಾಯುತ್ತಿತ್ತು. ಆದರೆ ಅದೇ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದರೆ, ಅಥವಾ ನಡುವೆ ಇಂಥದೇ ಕಾಣದ ಚಿಹ್ನೆ ತುರುಕಿದರೆ ಗಿಟ್‌ನ ಕಣ್ಣಿಗೆ ಅದು ಬೇರೆ ಹೆಸರು. ಎಚ್‌ಎಫ್‌ಎಸ್ ಪ್ಲಸ್‌ಗೆ ಅದೇ ಹೆಸರು. ಅದರೊಳಗೆ ಇಟ್ಟದ್ದು ನಿಮ್ಮ ಕಂಪ್ಯೂಟರಿನಲ್ಲಿ ಓಡುವ ಸಾಧ್ಯತೆ ಇತ್ತು. ಪರೀಕ್ಷಿಸುವವನಿಗೂ ಬರೆಯುವವನಿಗೂ ಹೆಸರಿನ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇದ್ದರೆ ಹೀಗಾಗುತ್ತದೆ.

---

ಅರ್ಧವಿರಾಮ

ಎನ್‌ಎಫ್‌ಸಿ ಸೇರಿಸಿದೆ. ಟೆಸ್ಟ್ ಹಾಕಿದ ತಕ್ಷಣ ಒಂದು ಜೋಡಿ ಸಿಕ್ಕಿಬಿತ್ತು! ‘ಕೋಡ್ ಓದುವುದು’ ಅನ್ನುವ ಪಾಠ ಎರಡು ಸಲ ಇದೆ, ಒಂದರಲ್ಲಿ ಓಕಾರ ಬಿಡಿಬಿಡಿಯಾಗಿತ್ತು. ಲಿನಕ್ಸ್‌ನಲ್ಲಿ ಎರಡು ವರ್ಷ ಎರಡೂ ಅಕ್ಕಪಕ್ಕ ಕೂತಿದ್ದವು, ಯಾರೂ ಗಮನಿಸಿಲ್ಲ. ಅಲ್ಲಿಗೆ ನಿಜವಾದ ಪುಟ 411. ಈಗ ಎರಡೂ ಕಡೆ ಅಷ್ಟೇ ಬರುತ್ತಿವೆ.

ಇನ್ನೊಂದು ಹೊಸ ತೊಂದರೆ. ನಮ್ಮ ಸೀನಿಯರ್ ಒಬ್ಬರು ಪಾಠದ ತಲೆಬರಹವನ್ನು ಎರಡು ಸಾಲು ಬರೆಯುತ್ತಾರೆ. ಅವರ ಹೊಸ ಪಾಠ ಅವರ ವಿಂಡೋಸ್‌ನಲ್ಲಿ ಸರಿ ಬಂತು. ನನ್ನ ಲಿನಕ್ಸ್‌ನಲ್ಲಿ ‘ಫೈಲ್ ನೇಮ್ ಟೂ ಲಾಂಗ್’. ಈ ಸಲ ಉಲ್ಟಾ! ಎಣಿಸಿದೆ, 110 ಚಿಹ್ನೆ ಕೂಡ ಇಲ್ಲ. 255ರವರೆಗೂ ಬಿಡುತ್ತದೆ ಅಲ್ವಾ?

---

ಹಳೇ_ಟರ್ಮಿನಲ್

255 ಎರಡೂ ಕಡೆ ಇದೆ, ಎಣಿಸುವ ರೀತಿ ಬೇರೆ. ಲಿನಕ್ಸ್‌ನ ಎಕ್ಸ್‌ಟಿ4 ಫೈಲ್ ವ್ಯವಸ್ಥೆ ಬೈಟುಗಳನ್ನು ಎಣಿಸುತ್ತದೆ. ಎನ್‌ಟಿಎಫ್‌ಎಸ್ ಯುಟಿಎಫ್-16 ತುಂಡುಗಳನ್ನು ಎಣಿಸುತ್ತದೆ. ಕನ್ನಡದ ಒಂದೊಂದು ಸಂಕೇತ ಯುಟಿಎಫ್-8ರಲ್ಲಿ 3 ಬೈಟು, ಅಲ್ಲಿ ಒಂದೇ ತುಂಡು. ಅಂದರೆ ವಿಂಡೋಸ್‌ನಲ್ಲಿ 255 ಸಂಕೇತ ಹಿಡಿದರೆ ಲಿನಕ್ಸ್‌ನಲ್ಲಿ ಬರೀ 85. ಸಂಕೇತ ಅಂದರೆ ಕಣ್ಣಿಗೆ ಕಾಣುವ ಅಕ್ಷರವೂ ಅಲ್ಲ. ‘ಫಂಕ್ಷನ್’ ಕಣ್ಣಿಗೆ ಮೂರಕ್ಷರ. ಒಳಗೆ ಏಳು ಸಂಕೇತ, 21 ಬೈಟು. ಇಂಗ್ಲಿಷಿನಲ್ಲಿ ಅದೇ ಪದ 8 ಬೈಟಿಗೆ ಮುಗಿಯುತ್ತದೆ. ಇಂಗ್ಲಿಷ್ ಹೆಸರು ಮಾತ್ರ ಇಟ್ಟು ಪರೀಕ್ಷಿಸುವವರಿಗೆ ಇದು ಯಾವತ್ತೂ ಸಿಗಲ್ಲ.

ವಿಂಡೋಸ್‌ಗೆ ಇನ್ನೊಂದು ಮಿತಿ ಇದೆ. ಡ್ರೈವ್ ಅಕ್ಷರದಿಂದ ಹಿಡಿದು ಇಡೀ ದಾರಿ ಸೇರಿ 260. ವಿಂಡೋಸ್ 10ರ 2016ರ ಆವೃತ್ತಿಯಿಂದ ಅದನ್ನು ಸಡಿಲ ಮಾಡಬಹುದು. ಆದರೆ ರಿಜಿಸ್ಟ್ರಿಯಲ್ಲೂ ಬದಲಿಸಬೇಕು, ಪ್ರೋಗ್ರಾಂ ಕೂಡ ‘ನನಗೆ ಉದ್ದದ ದಾರಿ ಗೊತ್ತು’ ಅಂತ ತನ್ನ ಮ್ಯಾನಿಫೆಸ್ಟಿನಲ್ಲಿ ಹೇಳಿರಬೇಕು. ನಿಮ್ಮ ಜಿಪ್ ಬಿಚ್ಚುವವರು ಯಾವ ಆಳದ ಫೋಲ್ಡರಿನಲ್ಲಿ ಬಿಚ್ಚುತ್ತಾರೋ ದೇವರಿಗೇ ಗೊತ್ತು. ಹೆಸರನ್ನು 120 ಬೈಟಿಗೆ ನಿಲ್ಲಿಸಿ. ಮೀರಿದರೆ ಕತ್ತರಿಸಿ, ಬಾಲಕ್ಕೆ ಪೂರ್ತಿ ಹೆಸರಿನಿಂದ ಲೆಕ್ಕ ಹಾಕಿ ಬರುವ ಗುರುತಿನಿಂದ (ಇದಕ್ಕೂ ಹ್ಯಾಶ್ ಅಂತಲೇ ಹೆಸರು) ಎಂಟು ಅಕ್ಷರ ಅಂಟಿಸಿ. ಕತ್ತರಿ ಬೈಟಿನ ಲೆಕ್ಕದಲ್ಲಿ ಬಿದ್ದರೂ ಒಂದು ಸಂಕೇತದ ನಡುವೆ ಬೀಳಬಾರದು. ಬಿದ್ದರೆ ಅರ್ಧ ಕನ್ನಡ ಅಕ್ಷರ ಉಳಿದು ಹೆಸರೇ ಕೆಟ್ಟುಹೋಗುತ್ತದೆ.

ಕತ್ತರಿಸಿದ ಮೇಲೆ ಮೂಲ ಹೆಸರು ಹಿಂದಕ್ಕೆ ಸಿಗಲ್ಲ, ಒಪ್ಪಿದೆ. ಪುಟದೊಳಗೆ ಪೂರ್ತಿ ತಲೆಬರಹ ಇರುತ್ತದಲ್ಲ, ಅದರಿಂದ ಓದಿ.

---

ಸುಡೋಸ್ವಾಮಿ

ಐದು ನಿಮಿಷದ ಕೆಲಸ ಅಂದಿದ್ದೆ. ಆ ಮಾತು ವಾಪಸ್ ತಗೊಂಡೆ.

ಒಂದು ಉಪಯೋಗದ ಮಾತು ಹೇಳಿ ಹೋಗುತ್ತೇನೆ. ಪ್ರತಿ ಸಲ ವಿಂಡೋಸ್ ಹುಡುಕಿಕೊಂಡು ಹೋಗಬೇಕಿಲ್ಲ. ಲಿನಕ್ಸ್ 5.2ರಿಂದ ಎಕ್ಸ್‌ಟಿ4ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಭೇದ ಮಾಡದ ಫೋಲ್ಡರ್ ಮಾಡಬಹುದು. ಕೇಸ್‌ಫೋಲ್ಡ್ ಅನ್ನುವ ಆ ಸೌಲಭ್ಯ ಇಟ್ಟು ಫಾರ್ಮ್ಯಾಟ್ ಮಾಡಿದ ಚಿಕ್ಕ ಡಿಸ್ಕ್ ಇಮೇಜ್ ಒಂದನ್ನು ಮೌಂಟ್ ಮಾಡಿ, ಖಾಲಿ ಫೋಲ್ಡರಿಗೆ ಆ ಗುಣ ಕೊಟ್ಟು, ಟೆಸ್ಟ್ ಅಲ್ಲೇ ಓಡಿಸಿ. ಕಾನ್, ಕೋಲನ್ ಅದರಲ್ಲಿ ಸಿಗಲ್ಲ. ಪಾರ್ಸರ್ ಥರದ್ದು ಸಿಗುತ್ತದೆ.

---

ಅರ್ಧವಿರಾಮ

ಎಲ್ಲ ಸೇರಿಸಿದೆ. ಫಂಕ್ಷನ್ ನಲವತ್ತು ಸಾಲು ಕೂಡ ಇಲ್ಲ, ಅದರ ಟೆಸ್ಟ್ ಮಾತ್ರ ಇನ್ನೂರು ದಾಟಿದೆ. ಸಹೋದ್ಯೋಗಿಯ ಕಂಪ್ಯೂಟರಿನಲ್ಲಿ 411 ಪುಟ, ಸೀನಿಯರ್ ಅವರ ಎರಡು ಸಾಲಿನ ಪಾಠ ಸೇರಿ 412. ಜಿಪ್ ಬಿಚ್ಚಿ ಲಿಂಕ್ ಎಲ್ಲ ಒತ್ತಿ ನೋಡಿದೆವು, ಸರಿ ಇವೆ. ಹಳೇ_ಟರ್ಮಿನಲ್ ಸರ್, ಸೇಬುಪ್ರಿಯ, ಸುಡೋಸ್ವಾಮಿ, ಮೂವರಿಗೂ ತುಂಬಾ ಥ್ಯಾಂಕ್ಸ್.

ಕಾನ್ ಪುಟ ಎರಡು ದಿನ =099 ಹೊತ್ತುಕೊಂಡು ನೆಟ್ಟಗೆ ಡಿಸ್ಕಿನಲ್ಲಿ ಕೂತಿತ್ತು. ಇವತ್ತು ಬೆಳಿಗ್ಗೆ ನೋಡಿದರೆ ಇಲ್ಲ! ಮತ್ತೆ ಎಲ್ಲಿ ಸುರಿಯಿತೋ ಅಂತ ಗಾಬರಿಯಾಗಿ ಲಾಗ್ ತೆಗೆದೆ. ಆ ಮೆಥಡ್ ಬರೆದವರು ಇದೇ ಚರ್ಚೆ ಓದಿ ಹೆಸರನ್ನು ಪೂರ್ತಿ ‘ಕನೆಕ್ಷನ್’ ಅಂತ ಬದಲಿಸಿದ್ದಾರೆ.